ಲೆನ್ ಹಾಲ್ಡನ್‌ಬಿಯ ಒಂದೇ ಒಂದು ರೆಕಾರ್ಡು

ನಲವತ್ತು ಪೆನ್ಸಿಗೆ ಸಿಕ್ಕಿದ್ದು,
ಗ್ರಿಮ್ಸ್‌ಬಿಯಲ್ಲಿ, ಪಿಕರ್ಸ್‌ಗಿಲ್ಲನ ಅಂಗಡಿಯ ನೆಲದ ಮೇಲೆ,
ಬಾಳೆಹಣ್ಣು ತುಂಬಿ ಬಂದಿದ್ದ ರಟ್ಟಿನ ಪೆಟ್ಟಿಗೆಯೊಳಗೆ.
ಹೊದಿಕೆಯ ಮೂಲೆ ಕತ್ತರಿಸಿದ್ದರು:
ಮಾರಾಟವಾಗದ ಸರಕಿಗೆ ಹಾಕುವ ಗುರುತು.
ಎಪ್ಪತ್ತಾರನೆಯ ಇಸವಿ, ಶುಕ್ರವಾರ, ಸಂಬಳದ ದಿನ.
ನನ್ನ ಕೈ ಎಷ್ಟು ತೊಳೆದರೂ ಮೀನು.
ಪಿಕರ್ಸ್‌ಗಿಲ್ ಚಿಲ್ಲರೆಯನ್ನು
ನನ್ನ ಅಂಗೈಗೆ ತಾಗಿಸದೆ ಮೇಲಿಂದ ಉದುರಿಸಿದ.

ಟಿನ್ ಬಿಷಪ್ ತಂಡದಲ್ಲಿ ಹನ್ನೊಂದು ವರ್ಷ
ಹಿಂದೆ ನಿಂತವನು ಲೆನ್.
ಮುಂದೆ ಬೆಳಕು, ಬೆಳಕಲ್ಲಿ ಹಾಡುವವನ ಗುಂಡಿ ಬಿಚ್ಚಿದ ಎದೆ,
ಮಂಡಿಯೂರಿ ಕಣ್ಣು ಮುಚ್ಚಿದ ಗಿಟಾರಿನವನು.
ಇವನು ಡ್ರಮ್ಮಿನ ಪಕ್ಕ, ಕೋಟು ಹಾಕಿಕೊಂಡು,
ಕೊನೆಯ ಬಸ್ಸಿಗೆ ಕಾಯುವವನ ಹಾಗೆ
ಬೇಸ್ ನುಡಿಸುತ್ತಿದ್ದ.
ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಯಾರೋ ಅಂದಿರಬೇಕು.
ಹನ್ನೊಂದು ವರ್ಷ ಬಿಡಲೇ ಇಲ್ಲ.

ಬಿಟ್ಟಾಗ ಬಂದದ್ದು ಈ ದನಿ.
ದೊಡ್ಡದಲ್ಲ. ಇಂಪೂ ಅಲ್ಲ, ಸುಳ್ಳು ಯಾಕೆ.
ಮೇಲಿನ ಸ್ವರಕ್ಕೆ ಏಣಿ ಹಾಕಿ ಹತ್ತುತ್ತಾನೆ,
ಒಂದು ಮೆಟ್ಟಿಲು ಕೆಳಗೇ ನಿಂತು
ಅಲ್ಲಿಂದಲೇ ಕೈ ಚಾಚುತ್ತಾನೆ.
ಆ ಉಳಿದ ಒಂದು ಮೆಟ್ಟಿಲಿನ ಮೇಲೆ
ನಾನು ನಲವತ್ತೆಂಟು ವರ್ಷದಿಂದ ಕೂತಿದ್ದೇನೆ.

ಗ್ಲೆನಿಸ್ ಒಮ್ಮೆ ಕೇಳಿ ಅಂದಳು,
"ಹಲ್ಲುನೋವಿನವನು ಗೋಡೆಗೆ ಹೇಳಿಕೊಂಡ ಹಾಗಿದೆ."
ಸರಿಯಾಗೇ ಅಂದಳು.
ಗೋಡೆ ಯಾರು ಎಂದು ಅವಳು ಕೇಳಲಿಲ್ಲ.

ಮೊದಲ ಹಾಡು ಶುರುವಾಗುವುದು
ಒಂದೂವರೆ ನಿಮಿಷ ಬರೀ ಬೇಸಿನಲ್ಲಿ.
ಡ್ರಮ್ಮಿಲ್ಲ, ಗಿಟಾರಿಲ್ಲ, ಮಾತಿಲ್ಲ.
ಮೊದಲ ಸಲ ಕೇಳಿದಾಗ ರೆಕಾರ್ಡು ಕೆಟ್ಟಿದೆ ಅಂದುಕೊಂಡೆ.
ಎರಡನೆಯ ಸಲ ನನ್ನ ಬಲಗೈಗೆ ಅರ್ಥವಾಯಿತು.
ಹ್ಯಾಡಕ್ ಮೀನು ಸೀಳುವಾಗ ಕಣ್ಣು ಬೇಡ.
ಚಾಕು ಮುಳ್ಳಿಗೆ ತಾಗಿಕೊಂಡೇ ಹೋಗಬೇಕು,
ತಲೆಯಿಂದ ಬಾಲದವರೆಗೆ ದಾರಿ ಹೇಳುವುದು ಮುಳ್ಳು.
ಆಮೇಲೆ ಅದನ್ನು ಬಕೆಟ್ಟಿಗೆ ಎಸೆಯುತ್ತೇವೆ.
ತಿನ್ನುವವರಿಗೆ ಮುಳ್ಳು ಕಾಣಬಾರದು,
ನಮಗೆ ಸಂಬಳ ಕೊಟ್ಟದ್ದೇ ಅದಕ್ಕೆ.
ಲೆನ್ ಮುಳ್ಳನ್ನೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದ,
ತೊಳೆದು, ಬಿಳಿಯಾಗಿ, ಇಡೀ ಉದ್ದಕ್ಕೆ.

ಎರಡನೆಯ ಬದಿಯ ಮೂರನೆಯ ಹಾಡು ಕೆಟ್ಟದು. ಒಪ್ಪಿದೆ.
ಮಕ್ಕಳ ಮೇಳ, ಕಾಮನಬಿಲ್ಲು, ಲೋಕಶಾಂತಿ.
ಮುಂಚೆ ಎದ್ದು ಹೋಗಿ ದಾಟಿಸಿಬಿಡುತ್ತಿದ್ದೆ.
ಸೊಂಟದ ಆಪರೇಷನ್ ಆದಮೇಲೆ ಏಳುವುದು ಕಷ್ಟ,
ಪೂರ್ತಿ ಕೇಳುತ್ತೇನೆ.
ಈಗಲೂ ಕೆಟ್ಟದ್ದೇ.

ಆಮೇಲೆ ಅವನು ಇನ್ನೊಂದು ಮಾಡಲಿಲ್ಲ.
ಹಡಗುಕಟ್ಟೆ ಮುಚ್ಚಿತು, ನಮ್ಮ ಶೆಡ್ಡು ಕಾರ್ಪೆಟ್ ಅಂಗಡಿಯಾಯಿತು,
ಪಿಕರ್ಸ್‌ಗಿಲ್ ಸತ್ತ.
ಒಂದು ಸಲ ಕ್ಲೀಥೋರ್ಪ್ಸ್ ಸಿಗ್ನಲ್ಲಿನಲ್ಲಿ
ಪಕ್ಕಕ್ಕೆ ಬಂದು ನಿಂತ ವ್ಯಾನಿನ ಮೇಲೆ ಬರೆದಿತ್ತು:
ಹಾಲ್ಡನ್‌ಬಿ ಮತ್ತು ಮಗ, ಬಾಯ್ಲರ್ ರಿಪೇರಿ.
ಒಳಗೊಬ್ಬ ಮುದುಕ, ಕೋಟು ಹಾಕಿಕೊಂಡು.
ಅವನೇ ಇರಬಹುದು, ಊರಲ್ಲಿ ಆ ಹೆಸರಿನವರು ಬೇಕಾದಷ್ಟು.
ಸ್ಟಿಯರಿಂಗಿನ ಮೇಲೆ ಬೆರಳಲ್ಲಿ
ಆ ಒಂದೂವರೆ ನಿಮಿಷ ಬಡಿಯತೊಡಗಿದೆ.
ಕಿಟಕಿಯ ಗಾಜು ಮುಚ್ಚಿತ್ತು, ಅವನದೂ ನನ್ನದೂ.
ಹಸಿರು ಬಿತ್ತು.
ಇಳಿಸಿದ್ದರೂ ಏನು ಹೇಳುತ್ತಿದ್ದೆ?
ನನ್ನ ಬಾಯ್ಲರ್ ಚೆನ್ನಾಗೇ ಇದೆ.

ಕೊನೆಯ ಹಾಡು ಮುಗಿದಮೇಲೆ ಒಂದು ಕುರ್ಚಿ ಕಿರುಗುಟ್ಟುತ್ತದೆ.
"ಅಷ್ಟೇನಾ?" ಎಂದು ಅವನು ಯಾರನ್ನೋ ಕೇಳುತ್ತಾನೆ.
ಗಾಜಿನಾಚೆಯವರು ಉತ್ತರ ಕೊಟ್ಟಿದ್ದರೂ
ಅದು ಟೇಪಿಗೆ ಬಿದ್ದಿಲ್ಲ.
ಆಮೇಲೆ ಒಳಸುತ್ತಿನ ಖಾಲಿ ಗೀರು,
ಅದರಲ್ಲೇ ಸುತ್ತುವ ಮುಳ್ಳು.
ಎದ್ದು ಎತ್ತಿಡಬೇಕು.
ಸೊಂಟದ ನೆಪ ಹೇಳಿ
ಇನ್ನೂ ಸ್ವಲ್ಪ ಹೊತ್ತು ಬಿಟ್ಟಿರುತ್ತೇನೆ.